ಹಿಡಿಕೆಯೊಳಗಿನ ಹಿತ್ತಾಳೆ

ಆಗಸ್ಟ್ 21, ಬುಧವಾರ ಬೆಳಿಗ್ಗೆ 7.20ಕ್ಕೆ ವಾಡಿ ಜಂಕ್ಷನ್ನಿನ ಸಿಬ್ಬಂದಿ ಕೋಣೆಯಲ್ಲಿ ದಿಲೀಪನ ಕಿಸೆಚಾಕುವಿನ ಸ್ಪ್ರಿಂಗ್ ಮುರಿಯಿತು.

ದಿಲೀಪ ರೈಲ್ವೆಯ ಕ್ಯಾರೇಜ್ ಮತ್ತು ವ್ಯಾಗನ್ ವಿಭಾಗದಲ್ಲಿ ಟೆಕ್ನಿಷಿಯನ್. ವಯಸ್ಸು ನಲವತ್ತಾರು. ಬೆಳಗಿನ ಪಾಳಿಯ ಮೊದಲ ಸಿಮೆಂಟು ಗಾಡಿಯ ಗಾಲಿಗಳನ್ನು ನೋಡಿ ಬಂದು, ಪೇರಲ ಹಣ್ಣು ಹೋಳು ಮಾಡಿ ಜೊತೆಯವನಾದ ದತ್ತುವಿಗೆ ಅರ್ಧ ಕೊಟ್ಟಿದ್ದ. ಅಲಗನ್ನು ಒರೆಸಿ ಮಡಚುವಾಗ ಒಳಗೆ ಟಣ್ ಎಂದಿತು. ಅಲಗು ಹಿಡಿತ ತಪ್ಪಿ ಜೋತುಬಿತ್ತು.

"ಏನಾತೋ ನಿನ್ನ ಇಂಗ್ಲೆಂಡ್ ರಾಣಿಗೆ?" ಎಂದ ದತ್ತು.

"ಸ್ಪ್ರಿಂಗ್ ಹೋತು."

"ನೂರಾ ಮೂವತ್ತು ವರ್ಷ ದುಡದಾಳಪಾ. ಇನ್ನರೆ ರಿಟಾಯರ್ ಮಾಡಿ ಪಿನ್ಶನ್ ಕೊಡು."

ದಿಲೀಪ ನಗಲಿಲ್ಲ. ಹತ್ತು ವರ್ಷದಿಂದ ಆ ಚಾಕು ಅವನ ಬಲಗಡೆ ಕಿಸೆ ಬಿಟ್ಟು ಇಳಿದಿರಲಿಲ್ಲ. ಎಮ್ಮೆ ಕೊಂಬಿನ ಹಿಡಿಕೆ, ಒಂದೇ ಅಲಗು, ಅಲಗಿನ ಬುಡದಲ್ಲಿ 'ಶೆಫೀಲ್ಡ್' ಎಂಬ ಇಂಗ್ಲಿಷ್ ಅಚ್ಚು. ಇಂಗ್ಲೆಂಡಿನ ಆ ಊರಿನ ಕುಶಲಕರ್ಮಿ ಒಬ್ಬನೇ ಕೂತು, ಅಲಗು, ಸ್ಪ್ರಿಂಗು, ಹಿಡಿಕೆ ಮೂರನ್ನೂ ಕೈಯಿಂದ ಹೊಂದಿಸಿದ್ದು ಎಂದು ಅವನು ನಂಬಿದ್ದ. ಮನೆಯಲ್ಲಿ ಇಂಥವು ಇನ್ನೂ ಹದಿಮೂರು ಇದ್ದವು. ಅವುಗಳಿಗೆಂದೇ ಒಂದು ಮಖಮಲ್ಲಿನ ಪೆಟ್ಟಿಗೆ ಹೊಲಿಸಿದ್ದ. "ನನ್ನ ಈಳಿಗಿ ಮೊಂಡಾಗಿ ಟೊಮಾಟಿ ಜಜ್ಜಾಕತ್ತದ, ನಿಮ್ಮ ಚಾಕೂಗಳು ಮಖಮಲ್ ಮ್ಯಾಲ ಮಲಗ್ಯಾವ" ಎಂದು ಹೆಂಡತಿ ಸುಜಾತಾ ಆಗಾಗ ಹೇಳುವುದಿತ್ತು.

ಬೇರೆ ದಿನವಾಗಿದ್ದರೆ ಚಾಕುವನ್ನು ಕಾಗದದಲ್ಲಿ ಸುತ್ತಿ ಭಾನುವಾರದವರೆಗೆ ಇಡುತ್ತಿದ್ದ. ಆದರೆ ಈ ಭಾನುವಾರವೇ ಚಿತ್ತಾಪುರದಲ್ಲಿ ಹಳೆ ವಸ್ತು ಸಂಗ್ರಾಹಕರ ಬಳಗದ ಪ್ರದರ್ಶನವಿತ್ತು. ಹದಿನಾಲ್ಕು ಚಾಕುಗಳಿಗೂ ಒಂದು ಇಡೀ ಮೇಜು ಸಿಕ್ಕಿತ್ತು. ಹಿಂದಿನ ವರ್ಷ ಯಾರೋ ಹೊಸದಾಗಿ ಎರಕ ಹೊಯ್ದ ನಾಣ್ಯಗಳನ್ನು ನಿಜಾಮರ ಕಾಲದವೆಂದು ಇಟ್ಟು ಬಳಗದ ಮರ್ಯಾದೆ ಹೋಗಿದ್ದರಿಂದ, ಈ ಸಲ ಪ್ರತಿ ವಸ್ತುವಿಗೂ ಒಂದು ಕಾರ್ಡು ಮಾಡಿದ್ದರು. ಅದರಲ್ಲಿ ಕಾಲ, ಮೂಲ, ಯಾರಿಂದ ಬಂತು ಎಂಬುದನ್ನು ಬರೆದು, 'ಇದಕ್ಕೆ ನಾನೇ ಜವಾಬ್ದಾರ' ಎಂಬ ಸಾಲಿನ ಕೆಳಗೆ ಸಹಿ ಹಾಕಬೇಕು. ಶುಕ್ರವಾರ ಸಂಜೆ ಐದರೊಳಗೆ ಬಳಗದ ಕಾರ್ಯದರ್ಶಿ ಸುರೇಶಕುಮಾರ ಮಾಸ್ತರರ ಕೈಗೆ ಮುಟ್ಟಿಸಬೇಕು. ದಿಲೀಪ ಹದಿನಾಲ್ಕಕ್ಕೂ ಸಹಿ ಹಾಕಿ ಇಟ್ಟಿದ್ದ.

ಅವನು ಶಹಾಬಾದಿನ ಮಜೀದಸಾಬನಿಗೆ ಫೋನು ಮಾಡಿದ. ಎತ್ತಿದವಳು ಮಗಳು ನಾಹಿದ.

"ಅಬ್ಬಾಗ ಕಣ್ಣು ತೋರಸ್ಲಿಕ್ಕ ಕಲಬುರಗಿಗಿ ಕರಕೊಂಡು ಬಂದೀನಿ ಅಣ್ಣಾ. ಇವತ್ತ ಆಗಂಗಿಲ್ಲ. ನಾಳಿಗಿ ಬರ್ರಿ."

ಮಜೀದಸಾಬ ಎಪ್ಪತ್ತೊಂದು ವರ್ಷದ ಚಾಕು ಸಾಣೆಯವ. ಶಹಾಬಾದ್ ಸ್ಟೇಷನ್ನಿನ ಹತ್ತಿರ ಒಂದು ಬಾಗಿಲಿನ ಅಂಗಡಿ. ಕುಡುಗೋಲು, ಅಡಕತ್ತು, ಕತ್ತರಿ ಮಾಡುತ್ತಾನೆ, ಸಾಣೆ ಹಿಡಿಯುತ್ತಾನೆ. ಹದಿನಾರು ವರ್ಷದ ಹಿಂದೆ ವಾಡಿಯ ಗುಜರಿಯಲ್ಲಿ ಸಿಕ್ಕ ಮೊದಲ ಮಡಚುವ ಚಾಕುವನ್ನು ಸಾಣೆ ಹಿಡಿಸಲು ದಿಲೀಪ ಅಲ್ಲಿಗೆ ಒಯ್ದಿದ್ದ. ಮುದುಕ ಅದನ್ನು ಕಿವಿಯ ಹತ್ತಿರ ಹಿಡಿದು ಎರಡು ಸಲ ತೆರೆದು ಮಡಚಿ, "ಇದಕ್ಕ ಚಕ್ರ ಮುಟ್ಟಸಬ್ಯಾಡ. ವಿಲಾಯತಿ ಮಾಲು. ಕಲ್ಲಿನ ಮ್ಯಾಲ ಎಣ್ಣಿ ಹಾಕಿ ತೀಡು" ಎಂದಿದ್ದ. ಅವನ ಅಪ್ಪ ಕಲ್ಲಿನ ಗಣಿಯ ಇಂಗ್ಲಿಷ್ ಸಾಹೇಬರ ಚಾಕುಗಳನ್ನು ರಿಪೇರಿ ಮಾಡುತ್ತಿದ್ದನಂತೆ. ಅಂದಿನಿಂದ ಪ್ರತಿ ಭಾನುವಾರ ದಿಲೀಪ ಶಹಾಬಾದಿನಲ್ಲಿ ಚಹಾ ಕುಡಿದ. ತುಕ್ಕು ಯಾವುದು, ಕಾಲದ ಕಪ್ಪು ಯಾವುದು, ಒಳ್ಳೆಯ ಅಲಗು ಮಡಚುವಾಗ ಯಾವ ಸದ್ದು ಮಾಡುತ್ತದೆ ಎಂಬುದನ್ನೆಲ್ಲ ಅಲ್ಲೇ ಕಲಿತ. ಅವನ ಹದಿನಾಲ್ಕರಲ್ಲಿ ಹನ್ನೊಂದು ಮಜೀದಸಾಬ ಹುಡುಕಿ ತಂದುಕೊಟ್ಟವು. ಉಳಿದ ಮೂರು ದಿಲೀಪನಿಗೇ ಸಿಕ್ಕವು.

ಮಜೀದಸಾಬ ಒಂದು ಮಾತನ್ನು ಮಾತ್ರ ಒತ್ತಿ ಹೇಳಿದ್ದ. ಹಳೆಯ ಚಾಕುವಿನ ಮೊಳೆ ತೆಗೆಯಬಾರದು. ಬಿಚ್ಚಿದ ಚಾಕು ಮತ್ತೆ ಮೊದಲಿನದಾಗುವುದಿಲ್ಲ. ದಿಲೀಪ ಹದಿನಾರು ವರ್ಷ ಒಂದನ್ನೂ ಬಿಚ್ಚಿರಲಿಲ್ಲ.

ಬುಧವಾರ ಊಟದ ಹೊತ್ತಿಗೆ ಬಿಚ್ಚಿದ. ಸ್ಪ್ರಿಂಗ್ ಹೇಗೂ ಮುರಿದಿತ್ತು. ನಾಳೆ ಮಜೀದಸಾಬನಿಗೆ ಅಳತೆಯಾದರೂ ಸಿಗಲಿ ಎಂದು ವರ್ಕ್‌ಶಾಪಿನ ಬೆಂಚಿನ ಮೇಲೆ ಸಣ್ಣ ಪಂಚಿನಿಂದ ಮೂರು ಮೊಳೆ ತಟ್ಟಿ ಹೊರಹಾಕಿದ. ಕೊಂಬಿನ ತುಂಡು ಎದ್ದು ಬಂತು. ಅದರ ಕೆಳಗೆ, ಹಿಡಿಕೆಗೂ ಅಲಗಿಗೂ ನಡುವೆ ಇರುವ ತೆಳುವಾದ ಹಿತ್ತಾಳೆಯ ಪಟ್ಟಿ. ಕೊಂಬಿಗೆ ಅಂಟಿದ್ದ ಮಗ್ಗುಲಲ್ಲಿ ಏನೋ ಚುಕ್ಕಿ ಚುಕ್ಕಿ ಕಂಡಿತು. ಹೆಬ್ಬೆರಳಿನಿಂದ ಒರೆಸಿದ.

'ಣಮವ್ವ ಸಾ. ಆಡಕಿ ೧೯೮೭.' ಮೊದಲ ಅಕ್ಷರ ಪಟ್ಟಿಯ ಅಂಚಿನಲ್ಲಿ ಕತ್ತರಿಸಿ ಹೋಗಿತ್ತು.

ದತ್ತು ಭುಜದ ಮೇಲಿಂದ ಬಗ್ಗಿ ಓದಿದ. "ಹಣಮವ್ವ. ಸಾಕಿನ್ ಆಡಕಿ, ಅಂದ್ರ ಆಡಕಿ ಊರಾಕಿ. ಲಗ್ನದಾಗ ತಾಟಿನ ಮ್ಯಾಲ ಹೆಸರು ಹಾಕಸ್ತಾರಲ್ಲ, ಅದ. ನಮ್ಮವ್ವನ ಕೊಡದ ಮ್ಯಾಲೂ ಹಿಂಗೇ ಅದ." ಆಮೇಲೆ, "ಆಡಕಿ ಹಣಮವ್ವ ಇಂಗ್ಲೆಂಡಿಗಿ ಯಾವಾಗ ಹೋಗಿದ್ಳೋ?" ಎಂದ. ದಿಲೀಪನ ಮುಖ ನೋಡಿ ತನ್ನ ಕೆಲಸಕ್ಕೆ ತಿರುಗಿದ.

ಸೇಡಂ ತಾಲೂಕಿನ ಆಡಕಿಯಲ್ಲಿ 1987ರಲ್ಲಿ ಯಾರದೋ ಮದುವೆಗೆ ಹಣಮವ್ವ ಎಂಬ ಹೆಣ್ಣುಮಗಳು ಕೊಟ್ಟ ತಾಟಿನಿಂದ ಕತ್ತರಿಸಿದ ಪಟ್ಟಿ ಅದು. 1890ರ ಸುಮಾರಿನ ಚಾಕುವಿನ ಒಳಗೆ ಅದಕ್ಕೆ ಜಾಗವಿರಲಿಲ್ಲ.

ಅಂದು ಸಂಜೆ ದಿಲೀಪ ಹದಿನಾಲ್ಕು ಕಾರ್ಡುಗಳನ್ನೂ ಮೇಜಿನ ಮೇಲೆ ಹರಡಿ ಕೂತ. ಮುರಿದ ಚಾಕುವಿನ ಕಾರ್ಡಿನಲ್ಲಿ ಅವನದೇ ಕೈಬರಹವಿತ್ತು: 'ಚಿಂಚೋಳಿ ಕಾಡಿಗೆ ಶಿಕಾರಿಗೆ ಬಂದ ಇಂಗ್ಲಿಷ್ ಅಧಿಕಾರಿಯಿಂದ ದಾರಿ ತೋರಿಸಿದವನಿಗೆ, ಅವನ ಮೊಮ್ಮಗ ಭಗವಂತನಿಂದ ಮಜೀದಸಾಬರಿಗೆ.' ಆ ಮಾತನ್ನು ಖಚಿತ ಮಾಡಿಕೊಳ್ಳಲು 2015ರ ಜನವರಿಯಲ್ಲಿ ಅವನು ಎರಡು ದಿನ ರಜೆ ಹಾಕಿ ಚಿಂಚೋಳಿಗೆ ಹೋಗಿದ್ದ. ಬಸ್ಸಿಳಿದು ಕಾಡಂಚಿನ ಊರಿಗೆ ಆರು ಕಿಲೋಮೀಟರು ನಡೆದಿದ್ದ. ಮನೆ ಮನೆ ಕೇಳಿದ್ದ. ಯಾರಿಗೂ ಗೊತ್ತಿರಲಿಲ್ಲ. ತಿರುಗಿ ಬಂದು ಹೇಳಿದಾಗ ಮಜೀದಸಾಬ, "ಅರೆ, ಅವರು ತಾಂಡೂರ ಕಡಿ ದುಡೀಲಿಕ್ಕ ಹೋಗ್ಯಾರಂತ ಮೊನ್ನೆ ಗೊತ್ತಾತು" ಎಂದಿದ್ದ. ದಿಲೀಪ ಅದನ್ನೂ ಬರೆದಿಟ್ಟುಕೊಂಡಿದ್ದ.

ಗುರುವಾರ ಮಧ್ಯಾಹ್ನ ಎರಡೂವರೆಗೆ ಅವನು ಪೆಟ್ಟಿಗೆಯ ಸಮೇತ ಶಹಾಬಾದಿಗೆ ಬಂದ. ಮಜೀದಸಾಬ ಕಪ್ಪು ಕನ್ನಡಕ ಹಾಕಿಕೊಂಡು ಅಂಗಡಿಯ ಹೊರಗಿನ ಹಾಸುಗಲ್ಲಿನ ಮೇಲೆ ಕೂತಿದ್ದ.

"ಬಾರಪಾ ದಿಲೀಪ. ಕುಂದ್ರು. ಕಣ್ಣಾಗ ಔಷಧ ಹಾಕ್ಯಾರ, ಸಿನಿಮಾದ ವಿಲನ್ ಆಗೀನಿ. ನಾಹಿದ, ಚಹಾ ಇಡವ್ವಾ."

ದಿಲೀಪ ಕೂಡಲಿಲ್ಲ. ಹಿತ್ತಾಳೆಯ ಪಟ್ಟಿಯನ್ನು ಮುದುಕನ ಅಂಗೈಯಲ್ಲಿಟ್ಟ. ಮಜೀದಸಾಬ ಕನ್ನಡಕ ತೆಗೆಯಲಿಲ್ಲ. ಬೆರಳಿನಿಂದ ಚುಕ್ಕಿಗಳನ್ನು ಒಂದು ಸಲ ಸವರಿದ, ತಿರುವಿ ಇನ್ನೊಂದು ಮಗ್ಗುಲನ್ನೂ ಸವರಿದ.

"ಬಿಚ್ಚಬ್ಯಾಡ ಅಂದಿದ್ನೆಲ್ಲ" ಎಂದ.

"ಬಿಚ್ಚೀನಿ."

"ಹ್ಞೂಂ."

"ಇದನ್ನ ಯಾರು ಮಾಡಿದ್ರು ಚಾಚಾ?"

ಮಜೀದಸಾಬ ಪಟ್ಟಿಯನ್ನು ಕಲ್ಲಿನ ಮೇಲೆ ಇಟ್ಟ. "ಲಾರಿ ಸ್ಪ್ರಿಂಗಿನ ಪಾಟಾದ ಉಕ್ಕು. ಕೊಂಬು ಇಲ್ಲೇದೇ. ಅಕ್ಷರದ ಅಚ್ಚು ನಾನೇ ಕೊರದೀನಿ. ಉಲ್ಟಾ ಕೊರೀಬೇಕಾಗ್ತದ, ನನಗ ಇಂಗ್ಲಿಷ್ ಓದಾಕ ಬರಂಗಿಲ್ಲ. ಹದಿನೈದು ದಿನ ಹಿಡೀತು. ಆಮ್ಯಾಲ ಹುಣಸಿ ನೀರಾಗ ಇಟ್ಟು ಕಪ್ಪು ಮಾಡ್ದೆ."

ಅವನ ದನಿಯಲ್ಲಿ ತಪ್ಪು ಒಪ್ಪಿಕೊಳ್ಳುವವನ ಅಳುಕು ಇರಲಿಲ್ಲ. ಕೆಲಸ ಹೇಗೆ ಮಾಡಿದೆ ಎಂದು ಜೊತೆಯ ಕಸುಬುದಾರನಿಗೆ ವಿವರಿಸುವ ಧಾಟಿ ಇತ್ತು.

"ಎಷ್ಟು ಮಾಡೀರಿ?"

"ಹನ್ನೊಂದರಾಗ ಮೊದಲನೇದು ಖರೇದು. ಸಾಹೇಬರ ಬಂಗ್ಲೆದಾಗಿಂದೇ ನಮ್ಮಪ್ಪಗ ಬಂದಿದ್ದು. ಉಳದಿದ್ದು ಹತ್ತೂ ನನ್ನವು."

ನಾಹಿದ ಚಹಾ ತಂದು ನಿಂತಳು. ಯಾರೂ ತೆಗೆದುಕೊಳ್ಳಲಿಲ್ಲ. ಲೋಟಗಳನ್ನು ಕಲ್ಲಿನ ಮೇಲಿಟ್ಟು ಬಾಗಿಲಲ್ಲೇ ಉಳಿದಳು.

"ಯಾಕ ಚಾಚಾ? ರೊಕ್ಕಕ್ಕಂತೂ ಅಲ್ಲ. ನಾ ಕೊಟ್ಟಿದ್ದು ನಿಮಗ ಕೊಂಬಿನ ಖರ್ಚಿಗೂ ಸಾಲಂಗಿಲ್ಲ."

"ನೀ ಅಂದ ಮಾತಿಗೆ" ಎಂದ ಮಜೀದಸಾಬ. "ನನ್ನ ಕೈಯಿಂದ ಮೊದಲನೇದು ಮಾಡಿ ನಿನ್ನ ಮುಂದ ಇಟ್ಟಾಗ ಹೇಳಾಂವೇ ಇದ್ದೆ, ಖುದಾ ಕಸಮ್. ನೀ ಅದನ್ನ ಕಿವಿಗಿ ಹಿಡದಿ, ಮಡಚಿದಿ, ತಗದಿ. ಆಮ್ಯಾಲ ಅಂದಿ, ಇಂಥಾ ಕೆಲಸ ನಮ್ಮ ಕಡಿ ಮಂದಿಗಿ ಏಳು ಜನ್ಮಕ್ಕೂ ಬರಂಗಿಲ್ಲ ಚಾಚಾ ಅಂತ. ನಾ ಇಲ್ಲೇ ಕುಂತಿದ್ದೆ, ಕೈಯಾಗ ಇನ್ನಾ ಅರದ ಧೂಳಿತ್ತು. ಸುಮ್ಮನಾಗಿಬಿಟ್ಟೆ. ಆಮ್ಯಾಲ ಎರಡನೇದು ಮಾಡ್ದೆ. ನೋಡೂಣು, ಇದಕ್ಕೇನಂತಾನ ಅಂತ. ಅದಕ್ಕೂ ಹಂಗೇ ಅಂದಿ."

ದಿಲೀಪನಿಗೆ ಆ ಮಾತು ಆಡಿದ ನೆನಪಿರಲಿಲ್ಲ. ಆಡಿರಬಹುದು ಎಂದು ಗೊತ್ತಿತ್ತು. ಅದರಿಂದ ಎದೆಯ ಉರಿ ಕಡಿಮೆಯಾಗಲಿಲ್ಲ, ಹೆಚ್ಚೇ ಆಯಿತು.

"ಸಿಟ್ಟು ಬಂದಿತ್ತು ಅಂದ್ರ ಬೈಬೇಕಿತ್ತು. ಮಕ್ಕಳಿಗಿ ಬೈದಂಗ ಬೈತಿದ್ರೆಲ್ಲ ನನಗ. ಚಿಂಚೋಳಿ ಭಗವಂತ ಎಲ್ಲಿಂದ ಬಂದ?"

ಮಜೀದಸಾಬ ಕಲ್ಲಿನ ಮೇಲಿನ ಪಟ್ಟಿಯನ್ನು ಬೆರಳಿನಿಂದ ಅತ್ತ ಸರಿಸಿದ.

"ನಾ ಅವನ್ನ ಹುಡಕ್ಲಿಕ್ಕ ಹೋಗಾಕತ್ತೀನಿ ಅಂತ ನಿಮಗ ಗೊತ್ತಿತ್ತು. ಹಿಂದಿನ ದಿನ ಬಂದು ಹೇಳಿದ್ದೆ. ಮರುದಿನ ಸ್ಟೇಷನ್ನಿಗಿ ನಾಹಿದನ ಕೈಯಾಗ ಡಬ್ಬಿ ಕೊಟ್ಟು ಕಳಿಸಿದ್ರಿ. ರೊಟ್ಟಿ, ಬದನಿಕಾಯಿ. ಇಲ್ಲದ ಮನಷ್ಯಾನ್ನ ಹುಡಕಾಂವಗ ಡಬ್ಬಿ ಯಾಕ ಕಟ್ಟಿದ್ರಿ ಚಾಚಾ?"

"ಹಸಕೊಂಡು ತಿರಗ್ಯಾಡ್ತಿ ಅಂತ" ಎಂದ ಮುದುಕ.

ನಾಹಿದ ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆ ಸರಿಸಿದ ಸದ್ದು ಕೇಳಿತು.

ದಿಲೀಪ ಪೆಟ್ಟಿಗೆ ತೆರೆದ. ಮಜೀದಸಾಬ ಕೊಟ್ಟವುಗಳನ್ನು ಒಂದೊಂದಾಗಿ ತೆಗೆದು ಹಾಸುಗಲ್ಲಿನ ಮೇಲೆ ಇಡತೊಡಗಿದ. ಎರಡಲಗಿನದು, ಎಲುಬಿನ ಹಿಡಿಕೆಯದು, ಕುರಿಯ ಗೊರಸಿನ ಆಕಾರದ ಅಲಗಿನದು. ಪ್ರತಿಯೊಂದಕ್ಕೂ ಒಂದು ಬಂಗ್ಲೆ, ಒಬ್ಬ ಬಟ್ಲರ, ಒಬ್ಬ ಮೊಮ್ಮಗ ಇದ್ದರು. ಆ ಕಥೆಗಳನ್ನು ಅವನು ಸುಜಾತಾಳಿಗೆ, ದತ್ತುವಿಗೆ, ಬಳಗದವರಿಗೆ ಹೇಳಿದ್ದ. ಹೇಳುವಾಗ ಪ್ರತಿ ಸಲ, "ಮಜೀದಸಾಬರು ಅಂದ್ರ ಅಂದಂಗೇ" ಎಂದು ಸೇರಿಸುತ್ತಿದ್ದ. ಮುರಿದ ಚಾಕುವಿನ ಚೂರುಗಳನ್ನೂ ಇಟ್ಟ. ಹತ್ತಾಯಿತು.

ಹನ್ನೊಂದನೆಯದು ಕೈಯಲ್ಲೇ ಉಳಿಯಿತು. ಜಿಂಕೆ ಕೊಂಬಿನ ಹಿಡಿಕೆಯ ಸಣ್ಣ ಚಾಕು. ಮೊದಲ ವರ್ಷದ ದೀಪಾವಳಿಗೆ ಮಜೀದಸಾಬ ಕೊಟ್ಟದ್ದು.

"ಅದು ಖರೇದಪಾ. ಅದನ್ನ ಒಳಗಿಡು. ಪ್ರದರ್ಶನಕ್ಕ ಒಯ್ಯಿ."

"ಹ್ಯಾಂಗ ನಂಬಲಿ?"

ಮಜೀದಸಾಬ ಎದ್ದು ಗೋಡೆ ಹಿಡಿದು ಒಳಗೆ ಹೋದ. ಸಣ್ಣ ಪಂಚು, ಸುತ್ತಿಗೆ ತಂದು ದಿಲೀಪನ ಕಡೆ ಚಾಚಿದ. ಔಷಧಿ ಹಾಕಿದ ಕಣ್ಣಿನಿಂದ ಕನ್ನಡಕದ ಕೆಳಗೆ ನೀರು ಇಳಿಯುತ್ತಿತ್ತು.

"ಬಿಚ್ಚು. ನೋಡು. ಒಳಗ ಹೆಸರಿದ್ರ ನನ್ನ ಕೈ ಕಡಿ."

ಮೂರು ಮೊಳೆ, ಎರಡು ನಿಮಿಷದ ಕೆಲಸ. ದಿಲೀಪ ಪಂಚನ್ನು ತೆಗೆದುಕೊಂಡು ಮೊದಲ ಮೊಳೆಯ ಮೇಲೆ ಇಟ್ಟ. ಚಾಕು ಅಸಲಿಯಾಗಿದ್ದರೆ ನೂರು ವರ್ಷ ಯಾರೂ ಬಿಚ್ಚದ್ದನ್ನು ಅವನು ಕೆಡಿಸಿದಂತೆ. ನಕಲಿಯಾಗಿದ್ದರೆ, ಮುದುಕ ಸುಳ್ಳು ಹೇಳುತ್ತಾನೆಂಬ ಗೊತ್ತಿದ್ದ ಸಂಗತಿಯೇ ಮತ್ತೆ ಗೊತ್ತಾದಂತೆ. ಹಿತ್ತಾಳೆ ಬರಿದಾಗಿದ್ದರೂ ಅದರಿಂದ ಏನೂ ಸಾಬೀತಾಗುವುದಿಲ್ಲ. ಎಲ್ಲ ತಾಟಿನ ಎಲ್ಲ ಕಡೆ ಹೆಸರಿರುವುದಿಲ್ಲ. ಈ ಚಾಕು ಅಸಲಿ ಎಂಬುದಕ್ಕೆ ಉಳಿದಿದ್ದ ಸಾಕ್ಷಿ ಮಜೀದಸಾಬನ ಮಾತು ಒಂದೇ. ಅದನ್ನು ನಂಬಿ ಸಹಿ ಹಾಕಬೇಕಿತ್ತು.

ಅವನು ಪಂಚನ್ನು ತಿರುಗಿ ಕೊಟ್ಟ. ಜಿಂಕೆ ಕೊಂಬಿನ ಚಾಕುವನ್ನು ಹತ್ತರ ಪಕ್ಕಕ್ಕೆ ಇಟ್ಟ.

"ಒಂದರೆ ಕಿಸೆದಾಗ ಇಟ್ಕೋ ದಿಲೀಪ" ಎಂದ ಮಜೀದಸಾಬ. "ಯಾವುದಾದ್ರೂ. ಕೆಲಸ ಚಂದ ಆಗ್ಯದಂತ ನೀನೇ ಅಂದೀದಿ."

"ಕೆಲಸ ಭಾಳ ಚಂದ ಆಗ್ಯದ್ರಿ" ಎಂದ ದಿಲೀಪ. ಹದಿನಾರು ವರ್ಷದಲ್ಲಿ ಮೊದಲ ಸಲ ಚಾಚಾ ಎನ್ನಲಿಲ್ಲ. ಪೆಟ್ಟಿಗೆ ಮುಚ್ಚಿ, 3.40ರ ಗಾಡಿಗೆ ಸ್ಟೇಷನ್ನಿನ ಕಡೆ ನಡೆದ.

ಶುಕ್ರವಾರ ಸಂಜೆ ನಾಲ್ಕೂವರೆಗೆ ಚಿತ್ತಾಪುರದಲ್ಲಿ ಸುರೇಶಕುಮಾರ ಮಾಸ್ತರರ ಮನೆಗೆ ಹೋಗಿ ಮೂರು ಕಾರ್ಡು ಕೊಟ್ಟ. ಮಾಸ್ತರರು ಹಿಂದೆ ಮುಂದೆ ತಿರುವಿ ನೋಡಿದರು.

"ಹದಿನಾಕು ಅಂತ ಪಟ್ಟಿದಾಗ ಹಾಕೀವಲ್ರಿ? ಪೇಪರಿಗೂ ಕೊಟ್ಟೀವಿ."

"ನಾ ಸಹಿ ಮಾಡೂವಂಥವು ಮೂರೇ ಅವರಿ ಸರ್."

"ಉಳದಿದ್ದು?"

"ಯಾರು ಮಾಡ್ಯಾರೋ ಅವರ ಹತ್ರ ಅವ."

ಮಾಸ್ತರರು ಪೆನ್ನು ತೆಗೆದರು. ಪಟ್ಟಿಯಲ್ಲಿ ಹದಿನಾಲ್ಕನ್ನು ಹೊಡೆದು ಮೂರು ಎಂದು ಬರೆದರು.

ಭಾನುವಾರ ಬೆಳಿಗ್ಗೆ 10.30ಕ್ಕೆ ಪ್ರದರ್ಶನ ಶುರುವಾಯಿತು. ದಿಲೀಪನ ಮೇಜಿನಲ್ಲಿ ಉಳಿದ ಜಾಗಕ್ಕೆ ಸೇಡಂನ ವಕೀಲರೊಬ್ಬರ ಆರು ಗೋಡೆ ಗಡಿಯಾರಗಳನ್ನು ತಂದಿಟ್ಟರು.