ಲಗ್ನಪತ್ರಿಕೆಯ ರಾಕೆಟ್ಟು

ರಬಕವಿಯ ಹಾಲಸಿದ್ದಪ್ಪನ ಮನೆಯಲ್ಲಿ ಆ ಭಾನುವಾರ ಗಂಭೀರವಾದ ಬಿಕ್ಕಟ್ಟೊಂದು ತಲೆದೋರಿತು: ದಪ್ಪ ಕಾಗದ ಮುಗಿದಿತ್ತು.

ಹಾಲಸಿದ್ದಪ್ಪ ವಾರವೆಲ್ಲ ಮಹಾಲಿಂಗಪುರದ ಬೆಲ್ಲದ ಅಂಗಡಿಯಲ್ಲಿ ಗುಮಾಸ್ತ. ಭಾನುವಾರ ಮಾತ್ರ ಬಾಹ್ಯಾಕಾಶ ಇಲಾಖೆ. ಕಾಗದದಲ್ಲಿ ರಾಕೆಟ್ ಕಟ್ಟುವುದು ಅವನ ಹುಚ್ಚು. ಈಗ ಚಂದ್ರಯಾನವನ್ನು ಹೊತ್ತೊಯ್ದ ರಾಕೆಟ್ಟಿನ ಸರದಿ. ಸೀರೆ ಡಬ್ಬಿಯ ರಟ್ಟು ಸುತ್ತಿದರೆ ಬಿರುಕು ಬಿಡುತ್ತಿತ್ತು. ಝೆರಾಕ್ಸ್ ಹಾಳೆಯಲ್ಲಿ ಮಾಡಿದ್ದು ಊಟದ ಹೊತ್ತಿಗೆ ಸೊಂಟ ಬಗ್ಗಿಸಿ ನಿಂತಿತ್ತು.

ತಕ್ಕ ಕಾಗದ ಮನೆಯಲ್ಲೇ ಇತ್ತು: ತಿಜೋರಿಯ ಮೇಲೆ, ಹಳೆಯ ದೋತರದಲ್ಲಿ ಕಟ್ಟಿಟ್ಟ ಮಗಳು ಮಾಯಾಳ ಲಗ್ನಪತ್ರಿಕೆಗಳು. ಅವು ಪ್ರೆಸ್ಸಿನಿಂದ ಬಂದ ಮೇಲೆ, ಹಂಚುವ ಮೊದಲು, ಗಲಗಲಿಯ ವರ ಬಾಳೇಶನ ತಂದೆ ಫೋನ್ ಮಾಡಿ ಸಂಬಂಧ ಬೇಡವೆಂದಿದ್ದರು. ಕಾರಣ ಹೇಳುವಷ್ಟು ನೆಟ್‌ವರ್ಕ್ ಸಿಗಲಿಲ್ಲವೆಂದು ಕಾಣುತ್ತದೆ. ಪತ್ರಿಕೆಯ ನೆತ್ತಿಯಲ್ಲಿ ‘ಶ್ರೀ ಬೀರೇಶ್ವರ ಪ್ರಸನ್ನ’ ಎಂದು ಮನೆದೇವರು ಬೀರಪ್ಪನ ಹೆಸರಿದ್ದುದರಿಂದ ರದ್ದಿಗೆ ಹಾಕುವಂತಿಲ್ಲ, ಸುಡುವಂತಿಲ್ಲ. ಗಂಟು ಅಲ್ಲೇ ಉಳಿಯಿತು.

ಅಂದಿನಿಂದ ಮನೆಯಲ್ಲಿ ಮದುವೆ ಎಂಬ ಶಬ್ದವೇ ಬಂದ್. ಯಾರದಾದರೂ ಅಕ್ಷತೆಗೆ ಹೋಗುವಾಗ ತಾಯಿ ತಾರವ್ವ, ರೇಷ್ಮೆ ಸೀರೆ ಉಟ್ಟುಕೊಂಡು, ಕಾಯಿಪಲ್ಲೆ ತರಲು ಹೊರಟೆ ಎನ್ನುತ್ತಿದ್ದಳು. ಜಮಖಂಡಿಯ ಲ್ಯಾಬಿನಲ್ಲಿ ದಿನವೂ ಜನರ ರಕ್ತ ತೆಗೆಯುವ ಮಾಯಾಳಿಗೆ ಮುರಿದ ಸಂಬಂಧಕ್ಕಿಂತ ತನ್ನೆದುರು ಮನೆಯವರು ತಗ್ಗಿಸುವ ಈ ಮೆತ್ತನೆಯ ದನಿಗಳೇ ಹೆಚ್ಚು ಚುಚ್ಚುತ್ತಿದ್ದವು. ತನ್ನ ಮೊದಲಿನ ಮನೆ ಅವಳಿಗೆ ವಾಪಸ್ ಬೇಕಿತ್ತು.

ಅಪ್ಪ ತಿಜೋರಿಯತ್ತ ನೋಡುವುದೂ ಕಣ್ಣು ತಗ್ಗಿಸುವುದೂ ನಡೆದೇ ಇತ್ತು. ಮಾಯಾ ಕುರ್ಚಿ ಹತ್ತಿ ಗಂಟು ಇಳಿಸಿದಳು. ಒಂದು ಪತ್ರಿಕೆಯನ್ನು ಬೆರಳಿಗೆ ಸುತ್ತಿ ತೋರಿಸಿದಳು.

“ಇದು ಮುರಿಯೂದಿಲ್ಲ ನೋಡಪಾ.”

ತಾರವ್ವ ಒಲೆಯ ಮುಂದಿನಿಂದ ಎದ್ದು ಬಂದು ಮಗಳ ಮುಖ ನೋಡಿದಳು. ಕೇಳಬೇಕಾದದ್ದನ್ನು ಕೇಳಲಾಗದೆ ದೇವರ ಮೊರೆ ಹೊಕ್ಕಳು: ಬೀರಪ್ಪನ ಹೆಸರಿಗೆ ಕತ್ತರಿ ಹಾಕುವುದೇ?

“ಕತ್ತರಿ ಯಾಕ ಬೇ, ಅಂವನ್ನ ಇಡಿಯಾಗೇ ತುದಿಗೆ ಕೂಡಸ್ತೇವಿ. ಎಲ್ಲಾರಕ್ಕಿಂತ ಮ್ಯಾಲ.”

ದೇವರಿಗೆ ಬಡ್ತಿ ಸಿಕ್ಕ ಮೇಲೆ ತಾರವ್ವ ಎದುರಾಡುವಂತಿರಲಿಲ್ಲ. ಅಚ್ಚಾದ ಬದಿ ಒಳಗೆ, ಬಿಳಿ ಬದಿ ಹೊರಗೆ ಎಂದಾಯಿತು. ಅಂಟು ಸವರುತ್ತಿದ್ದ ಹಾಲಸಿದ್ದಪ್ಪ ವರನ ಹೆಸರನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡೇ, ಇದನ್ನೆಲ್ಲಿ ಹಾಕಲಿ ಎಂದು ಕೇಳಿದ.

“ಪಕ್ಕದ ಬೂಸ್ಟರ್‌ನ್ಯಾಗ. ಬಾಳೇಶ ಎಡಕ್ಕ, ಅವರಪ್ಪ ಬಲಕ್ಕ.”

ರಾಕೆಟ್ಟಿನ ವಿಷಯದಲ್ಲಿ ಹಾಲಸಿದ್ದಪ್ಪನಿಗೆ ಸುಮ್ಮನಿರಲು ಬಾರದು. “ಯವ್ವಾ, ಅವೆರಡೂ ಮೊದಲ ಕಳಚಿ ಸಮುದ್ರಕ್ಕ ಬೀಳ್ತಾವು,” ಅಂದ.

“ಗೊತ್ತೈತಿ. ಅದಕ್ಕ.”

ತಾರವ್ವ ಸೆರಗು ಬಾಯಿಗೊತ್ತಿಕೊಂಡಳು. ನಗು ನಿಲ್ಲಲಿಲ್ಲ, ಜೊತೆಗೆ ಕಣ್ಣೀರೂ ಬಂತು. ಕಣ್ಣೊರೆಸಿಕೊಳ್ಳುತ್ತ, ಸಮುದ್ರಕ್ಕೆ ಬೀಳುವುದರಲ್ಲಿ ಬೀಗತಿಗೂ ಸ್ವಲ್ಪ ಜಾಗವಿದೆಯೇ ಎಂದು ವಿಚಾರಿಸಿದಳು. ಇದೆಯೆಂದು ಹಾಲಸಿದ್ದಪ್ಪ ಭರವಸೆ ಕೊಟ್ಟ.

ಮಾಯಾ ಇನ್ನೊಂದು ಪತ್ರಿಕೆಯನ್ನು ಸುತ್ತುತ್ತ ಕೇಳಿದಳು: “ಮತ್ತ ನನ್ನ ಹೆಸರು?”

ಅವನು ತಲೆ ಎತ್ತಲಿಲ್ಲ. ‘ಚಿ. ಕುಂ. ಸೌ. ಮಾಯಾ’ ಎಂಬ ತುಂಡನ್ನು ಆಗಲೇ ಕತ್ತರಿಸಿ ಅಂಗಿಯ ಕಿಸೆಯಲ್ಲಿಟ್ಟುಕೊಂಡಿದ್ದ.

“ಬೀರಪ್ಪನ ಕೆಳಗ, ಚಂದ್ರಯಾನ ಇರೂ ಜಾಗಾದಾಗ. ಚಂದ್ರನ ತನಕ ಹೋಗೂದು ಅದೊಂದ.”

ಮುಂದಿನ ವಾರ ತಾರವ್ವ ರೇಷ್ಮೆ ಸೀರೆ ಉಟ್ಟು, ಬನಹಟ್ಟಿಗೆ ಮದುವೆಗೆ ಹೊರಟೆ ಎಂದೇ ಹೇಳಿದಳು. ಮಾಯಾ ಜೊತೆಗೆ ಹೋಗಲಿಲ್ಲ. ಊಟ ಛಲೋ ಇದ್ದರೆ ಫೋನ್ ಮಾಡು, ಬರುತ್ತೇನೆ ಎಂದಳು. ರಾಕೆಟ್ಟು ತಿಜೋರಿಯ ಮೇಲೆ, ಗಂಟು ಇದ್ದ ಜಾಗದಲ್ಲಿ ನಿಂತಿದೆ.