ಗೆನ್ಯಾ ಆರಿಸಿದ ತಂತಿ

ಶಿಕಾಗೋದ ಪೋಲಿಷ್ ಕೇರಿಯಲ್ಲಿ, ಮಿಲ್ವಾಕಿ ಅವೆನ್ಯೂವಿನ ರೋಮೆಕ್‌ನ ಬಾರಿನಲ್ಲಿ ಒಂದು ಮದುವೆ ಊಟ ನಡೆದು, ಮದುಮಗನ ಚಿಕ್ಕಪ್ಪ ಕುಣಿಯುತ್ತ ಬಂದವನೇ, ನಾಣ್ಯ ಹಾಕಿ ಉಕ್ಕಿನ ಗುಂಡು ಚಿಮ್ಮಿಸಿ ಆಡುವ ಪಿನ್‌ಬಾಲ್ ಯಂತ್ರದ ಮೇಲೆ ಬಿಯರ್ ಚೆಲ್ಲಿಬಿಟ್ಟ. ಒಂದು ಲೋಟ ಅಷ್ಟೇ ಅಂತ ಅವನು ಆಣೆ ಮಾಡಿದ. ನೋಡಿದವರು ಹೇಳುವ ಪ್ರಕಾರ ಮಿಷಿಗನ್ ಸರೋವರದ ಅರ್ಧದಷ್ಟು. ಯಂತ್ರದ ದೀಪಗಳು ಒಂದೊಂದಾಗಿ ಕಣ್ಣು ಮುಚ್ಚಿದವು. ಆಟದ ಹಲಗೆ ಎತ್ತಿ ನೋಡಿದರೆ, ಅಡಿಯಲ್ಲಿ ದೀಪದಿಂದ ದೀಪಕ್ಕೆ ಓಡಿ ಕರೆಂಟನ್ನು ವಾಪಸ್ ಒಯ್ಯುವ ಗ್ರೌಂಡ್ ತಂತಿ ಪಾಚಿಯಂತೆ ಹಸಿರುಗಟ್ಟಿತ್ತು. ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು.

"ಭಾನುವಾರ ಚರ್ಚಲ್ಲಿ ಪೂಜೆ ಮುಗಿಯೋದ್ರೊಳಗೆ ದೀಪ ಉರಿದ್ರೆ ಮಷೀನು ಇರತ್ತೆ. ಇಲ್ಲಾಂದ್ರೆ ಆ ಮೂಲೆಗೆ ದೊಡ್ಡ ಟೀವಿ" ಅಂದ ರೋಮೆಕ್.

ಗೆನ್ಯಾ ಆಟಕ್ಕೆಂದು ತೆಗೆದಿದ್ದ ನಾಣ್ಯವನ್ನು ಮತ್ತೆ ಚೀಲಕ್ಕೆ ಹಾಕಿದಳು. ರೋಮೆಕ್‌ನ ಸೋದರಮಾವನ ಹೆಂಡತಿ ಅವಳು, ಗಂಡ ತೀರಿಕೊಂಡಾಗಿನಿಂದ ವಾರಕ್ಕೊಂದು ಭಾನುವಾರ ಬರುವುದೇ ಆ ಯಂತ್ರಕ್ಕಾಗಿ ಅಂದುಕೊಂಡವಳು. ಪಾದ್ರಿಯ ಮುಂದೆ ಬಾಗಿದರೆ ಊರಿಗೆಲ್ಲ ಕೇಳುವಂತೆ ಕಿರುಗುಟ್ಟುವ ಅವಳ ಮೊಣಕಾಲು ಪಿನ್‌ಬಾಲ್ ಮುಂದೆ ಮಧ್ಯಾಹ್ನವೆಲ್ಲ ನಿಂತರೂ ಉಸಿರೆತ್ತುತ್ತಿರಲಿಲ್ಲ.

ರಿಪೇರಿಗೆ ಹೊರಗಿನವರನ್ನು ಕರೆಯುವ ಮಾತೇ ಇರಲಿಲ್ಲ. ಗೆನ್ಯಾ, ಅವಳ ನಾದಿನಿ ತೆಕ್ಲಾ, ಅಂದರೆ ರೋಮೆಕ್‌ನ ತಾಯಿ, ಇಬ್ಬರೂ ಪಿನ್‌ಬಾಲ್ ಫ್ಯಾಕ್ಟರಿಯಲ್ಲಿ ತಂತಿ ಬೆಸೆಯುತ್ತಲೇ ಮುದುಕಿಯರಾದವರು. ಇಬ್ಬರೂ ಬೆಸೆದ ತಂತಿ ಬಿಚ್ಚಿ ಎಳೆದರೆ ಪೋಲೆಂಡಿನ ವಾರ್ಸಾ ಮುಟ್ಟಿ ವಾಪಸ್ ಬಂದು ಇನ್ನೂ ಬಟ್ಟೆ ಒಣಹಾಕುವಷ್ಟು ಮಿಗುತ್ತಿತ್ತು.

ಶನಿವಾರ ಬೆಳಿಗ್ಗೆ ಜಗಳ ಶುರುವಾದದ್ದು ಯಾವ ತಂತಿ ಹಾಕಬೇಕು ಅನ್ನುವುದಕ್ಕೆ. ತೆಕ್ಲಾ ಹೊಲಿಗೆ ಡಬ್ಬಿಯಿಂದ ಬೂದು ಬಣ್ಣದ, ಜಡೆಯಂತೆ ಹೆಣೆದ ಚಪ್ಪಟೆ ತಂತಿ ತೆಗೆದಳು.

"ಏನೇ ಇದು, ಸತ್ತ ಇಲಿ ಬಾಲ ಇದ್ದಂಗಿದೆ" ಅಂದಳು ಗೆನ್ಯಾ.

"ಹಲಗೆ ಎತ್ತಿ ಇಳಿಸುವಾಗ ಇದು ಬಾಗತ್ತೆ, ಮುರಿಯಲ್ಲ. ಫ್ಯಾಕ್ಟರೀಲಿ ಇದನ್ನೇ ಹಾಕ್ತಿದ್ವಲ್ಲ ಅತ್ತಿಗೆ."

"ಫ್ಯಾಕ್ಟರೀಲಿ ಮೇಸ್ತ್ರಿ ಜಿಪುಣ ಇದ್ದ, ಹಾಕ್ತಿದ್ವಿ. ಇಲ್ನೋಡು." ಗೆನ್ಯಾ ಚೀಲದಿಂದ ಸಂತೆಯಲ್ಲಿ ಕೊಂಡ ತಾಮ್ರದ ಸುರುಳಿ ತೆಗೆದಳು. ಬಾರಿನಲ್ಲಿದ್ದವರು ಕಣ್ಣಿಗೆ ಕೈ ಅಡ್ಡ ಹಿಡಿಯಬೇಕು, ಅಷ್ಟು ಹೊಳಪು. "ಬಿಷಪ್ಪನ ಉಂಗುರಕ್ಕೂ ಈ ಕಳೆ ಇಲ್ಲ."

ಮೂಲೆಯ ಮೇಜಿನಲ್ಲಿ ಸೂಪು ಕುಡಿಯುತ್ತಿದ್ದ ಅಲೋಜಿ, ನಿವೃತ್ತ ಬಸ್ ಡ್ರೈವರ್, ತಲೆ ಎತ್ತಿದ. "ಮಷೀನಿಗೆ ತಂತಿ ಹಾಕ್ತಿದೀರೋ, ಮದುಮಗಳಿಗೆ ಸರ ಮಾಡಿಸ್ತಿದೀರೋ?"

"ನೀನು ಸೂಪು ನೋಡ್ಕೋ ಅಲೋಜಿ. ಅರ್ಧ ನಿನ್ನ ಮೀಸೆನೇ ಕುಡೀತಿದೆ."

ವಯಸ್ಸಿನಲ್ಲಿ ಹಿರಿಯಳು ಗೆನ್ಯಾ, ಗಂಟಲಿನಲ್ಲೂ ಅವಳೇ. ತಾಮ್ರವೇ ಗೆದ್ದಿತು. ಆದರೆ ಬೆಸುಗೆಗೆ ಕೂತರೆ ಕರಗಿದ ಸೀಸ ಆ ತಂತಿಯ ಮೇಲೆ ನಿಲ್ಲದು, ಕೆಸುವಿನೆಲೆ ಮೇಲಿನ ನೀರಿನ ಹಾಗೆ ಉರುಳಿ ಜಾರುವುದು.

"ಈಗಿನ ಸೀಸಕ್ಕೆ ಜೀವ ಎಲ್ಲಿದೆ" ಅಂದಳು ಗೆನ್ಯಾ. ಆಮೇಲೆ ಕಾವು ಸಾಲದು ಅಂದಳು. ಆಮೇಲೆ ರೋಮೆಕ್‌ನ ಕರೆಂಟೇ ನೀರು ಬೆರೆಸಿದ ಕರೆಂಟು ಅಂದಳು.

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ" ಅಂತ ತೆಕ್ಲಾ ಹೆಣೆದ ತಂತಿಯನ್ನು ಡಬ್ಬಿಗೆ ಸೇರಿಸಿ ಮುಚ್ಚಳ ಹಾಕಿದಳು.

ಗೆನ್ಯಾ ಸೋಲುವವಳೇ? ಒಂದೊಂದು ದೀಪದ ಬುಡಕ್ಕೂ ಚೆರಿ ಹಣ್ಣಿನಷ್ಟು ಸೀಸ ಸುರಿದು ತಂತಿಯನ್ನು ಹೂತುಬಿಟ್ಟಳು.

ಭಾನುವಾರ ಪೂಜೆ ಮುಗಿದದ್ದೇ ತಡ, ಚರ್ಚಿಗೆ ಚರ್ಚೇ ಬಾರಿಗೆ ನುಗ್ಗಿತು. ರೋಮೆಕ್ ಅಳತೆ ಟೇಪು ಹಿಡಿದೇ ನಿಂತಿದ್ದ. ಗೆನ್ಯಾ ಸ್ವಿಚ್ಚು ಒತ್ತಿದಳು.

ಒಂದು ದೀಪ ಹತ್ತಿತು. ಬಲಗಡೆ ಮೂಲೆಯಲ್ಲಿ, ಒಂದೇ ಒಂದು.

"ಯಾರಿಗಾದ್ರೂ ಮೇಣದಬತ್ತಿ ಬೇಕಾ?" ಅಂದ ಅಲೋಜಿ. ಬಾರೆಲ್ಲ ನಕ್ಕಿತು. ರೋಮೆಕ್ ಟೀವಿಗೆ ಗೋಡೆ ಅಳೆಯತೊಡಗಿದ.

ಗೆನ್ಯಾಳಿಗೆ ನಗು ಬರಲಿಲ್ಲ. ಸ್ವಿಚ್ಚು ಆರಿಸಿ, ಹಲಗೆ ಎತ್ತಿ ಆ ಒಂದೇ ದೀಪದ ಬುಡ ನೋಡಿದಳು. ಅಲ್ಲಿ ತಂತಿಗೆ ಹೊಡೆದು ಸೊಟ್ಟ ಹೋದ ಪಿನ್ನನ್ನು ನಿನ್ನೆ ಅಡುಗೆ ಚಾಕುವಿನಿಂದ ಕಿತ್ತಿದ್ದಳು. ಚಾಕು ತಾಗಿ ತಂತಿಗೆ ಗೀಚು ಬಿದ್ದಿತ್ತು, ಗೀಚಿದಲ್ಲಿ ಬಣ್ಣ ಬೇರೆ. ಪಕ್ಕದಲ್ಲೂ ಚಾಕು ಆಡಿಸಿದಳು. ಜೇನಿನ ಬಣ್ಣದ ಪುಡಿ ಉದುರಿತು.

ವಾರ್ನಿಷ್. ಮೋಟಾರಿಗೆ ಸುತ್ತುವ ತಂತಿ. ಮೈಗೆಲ್ಲ ವಾರ್ನಿಷ್ ಕುಡಿಸಿರುತ್ತಾರೆ, ಒಂದು ಸುತ್ತಿನ ಕರೆಂಟು ಇನ್ನೊಂದಕ್ಕೆ ತಾಗದಿರಲಿ ಅಂತ. ಅದರ ಮೇಲೆ ಸೀಸವೂ ಅಂಟದು, ಕರೆಂಟೂ ದಾಟದು, ಚಾಕು ಕೆರೆದಲ್ಲಿ ಮಾತ್ರ ದಾಟಿತ್ತು. ಅವಳ ಪಕ್ಕದ ಬೆಂಚಿನ ಹೆಂಗಸರು ದಿನವಿಡೀ ಸುತ್ತುತ್ತಿದ್ದದ್ದು ಇದನ್ನೇ. ಹೊಳಪು ನೋಡಿ ಮರುಳಾದವಳಿಗೆ ಅದು ನೆನಪಿಗೆ ಬಂದಿರಲಿಲ್ಲ.

ಬಲ್ಬುಗಳು ಸುಟ್ಟಿವೆ ಅಂತ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ನಾಲಿಗೆಯ ತುದಿಗೂ ಬಂತು. ರೋಮೆಕ್ ಅಳೆಯುತ್ತಿದ್ದ ಗೋಡೆಯ ಕಡೆ ನೋಡಿದಳು, ಟೇಪಿನ ಕಡೆ ನೋಡಿದಳು.

"ತೆಕ್ಲಾ, ನಿನ್ನ ಇಲಿ ಬಾಲ ಎಲ್ಲಿ?"

"ಯಾವ ಬಾಲ? ನನ್ನ ಹತ್ರ ಬರೀ ತಂತಿ ಇದೆ."

ಗೆನ್ಯಾ ಕುರ್ಚಿ ಎಳೆದು ಅದರ ಮೇಲೆ ಹತ್ತಿ ನಿಂತಳು. "ಎಲ್ರೂ ಕೇಳಿ. ತಂತಿ ವಿಷ್ಯದಲ್ಲಿ ನಾನು ಕತ್ತೆ. ನನ್ನ ನಾದಿನಿ ಹೇಳಿದ್ದೇ ಸರಿ. ಇಂಥ ಹೆಂಗಸು ಶಿಕಾಗೋದಲ್ಲಿಲ್ಲ, ಪೋಲೆಂಡಲ್ಲಿಲ್ಲ. ನಾಳೇನೇ ಪೋಪ್‌ಗೆ ಫೋನ್ ಮಾಡ್ತೀನಿ, ಇವಳಿಗೆ ಸಂತ ಪದವಿ ಕೊಡಿ, ಗುಡಿ ಕಟ್ಸಿ, ಗುಡಿಗೆ ವೈರಿಂಗೂ ಇವಳ ಕೈಲೇ ಮಾಡ್ಸಿ ಅಂತ."

ತೆಕ್ಲಾಳ ಮುಖ ಬೀಟ್‌ರೂಟ್ ಸಾರಿನ ಬಣ್ಣಕ್ಕೆ ತಿರುಗಿತು. "ಸಾಕು, ಇಳಿ ಅತ್ತಿಗೆ. ಜನ ನೋಡ್ತಿದಾರೆ."

"ನೋಡ್ಲಿ ಅಂತಾನೇ ಹತ್ತಿದ್ದು. ಇನ್ನೂ ಅರ್ಧ ಬಾಕಿ ಇದೆ."

"ತಗೋ, ತಗೋ" ಅಂತ ತೆಕ್ಲಾ ಡಬ್ಬಿಯನ್ನೇ ಅವಳ ಕೈಗೆ ತುರುಕಿದಳು.

ರೋಮೆಕ್ ಗಡಿಯಾರ ನೋಡಿದ. "ಜನ ಊಟ ಮುಗಿಸೋವರೆಗೆ ಟೈಮು, ಅತ್ತೆ. ಆಮೇಲೆ ನನ್ನನ್ನ ಬೈಬೇಡಿ."

ಆಗ ಅಲೋಜಿ, ತಟ್ಟೆ ಖಾಲಿ ಮಾಡಿ ಬಾಯಿ ಒರೆಸಿಕೊಂಡಿದ್ದವನು, ಕೈ ಎತ್ತಿದ. "ರೋಮೆಕ್, ಇನ್ನೊಂದು ತಟ್ಟೆ ಪಿಯೆರೋಗಿ. ಆಲೂಗಡ್ಡೆದು." ಹಿಂದಿನ ಮೇಜಿನವರೂ ಕೇಳಿದರು. ಅದರ ಹಿಂದಿನವರು ಎಲೆಕೋಸಿನದು ಕೇಳಿದರು. ಬೆಂದ ಕಡುಬನ್ನು ಯಾರೂ ಅಷ್ಟು ನಿಧಾನವಾಗಿ ತಿಂದದ್ದು ಜಗತ್ತಿನಲ್ಲೇ ಇರಲಿಕ್ಕಿಲ್ಲ. ಒಂದೊಂದು ಕಡುಬಿಗೆ ಒಂದೊಂದು ಪ್ರಾರ್ಥನೆ ಹೇಳಿದರು. ಅಡುಗೆಮನೆಯಲ್ಲಿ ಹಿಟ್ಟು ಮುಗಿದು, ಪಕ್ಕದ ಮನೆಯಿಂದ ತರಿಸಿದರು.

ಹಲಗೆಯ ಅಡಿಯಲ್ಲಿ ಎರಡು ಬಿಳಿ ತಲೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು. ಈ ಸಲ ಸೀಸ ಹೆಣಿಗೆಯೊಳಗೆ ಇಳಿದು, ಮಗು ತಾಯಿಯ ಸೆರಗು ಹಿಡಿದ ಹಾಗೆ ಹಿಡಿಯಿತು.

"ಇಲ್ಲಿ ಸಡಿಲ ಬಿಡು, ಮಡಚೋ ಜಾಗ" ಅಂದಳು ತೆಕ್ಲಾ.

"ಗೊತ್ತು."

"ನಿನ್ನೆನೂ ಗೊತ್ತಿತ್ತು."

ಅಲೋಜಿ ಬೆಲ್ಟು ಸಡಿಲಿಸುತ್ತ ಮೂರನೇ ತೂತಿಗೆ ಬಂದಾಗ ಗೆನ್ಯಾ ಎದ್ದು ಸ್ವಿಚ್ಚು ಒತ್ತಿದಳು. ಕೆಂಪು, ಹಳದಿ, ನೀಲಿ, ಅಂಚಿನಿಂದ ಅಂಚಿಗೆ ದೀಪಗಳು ಎದ್ದವು. ಯಂತ್ರದ ಗಂಟೆಗಳು ಮೊಳಗಿದವು. ಬಾರಿನವರೆಲ್ಲ ಚಮಚದಿಂದ ಮೇಜು ಬಡಿದ ಸದ್ದಿಗೆ ಬೀದಿಯಲ್ಲಿ ಹೋಗುತ್ತಿದ್ದ ಬಸ್ಸೂ ನಿಂತಿತಂತೆ.

"ತಾಳಿ, ಸರಿಯಾಗಿದೆಯಾ ಅಂತ ನಾನೇ ನೋಡ್ಬೇಕು" ಅಂತ ರೋಮೆಕ್ ನಾಣ್ಯ ಹಾಕಿ ಒಂದು ಗುಂಡು ಚಿಮ್ಮಿಸಿದ. ಅದು ಕೆಳಗೆ ಬಿತ್ತು. ಇನ್ನೊಂದು ಚಿಮ್ಮಿಸಿದ. ಆಮೇಲೆ ಇನ್ನೊಂದು ನಾಣ್ಯ. ಮೈ ಬಾಗಿಸಿ, ತುಟಿ ಕಚ್ಚಿ, ಸೊಂಟದಿಂದ ಯಂತ್ರ ತಳ್ಳುತ್ತ ನಿಂತವನಿಗೆ ಬಿಯರ್ ಕೇಳಿದ ಗಿರಾಕಿಗಳ ಕೂಗೂ ಕೇಳಲಿಲ್ಲ.

"ಬಿಡೋ, ಯಂತ್ರ ಉಳಿಸಿದ್ದು ನಾವು" ಅಂದಳು ಗೆನ್ಯಾ.

"ಇದೊಂದು ಗುಂಡು, ಅತ್ತೆ."

"ಅಮ್ಮನಿಗಾದ್ರೂ ಬಿಡೋ" ಅಂದಳು ತೆಕ್ಲಾ.

"ಅಮ್ಮ, ಇದೊಂದೇ."

ಇಬ್ಬರೂ ಅವನ ಬೆನ್ನ ಹಿಂದೆ ಸಾಲು ನಿಂತರು. ಯಾರು ಮುಂದೆ ನಿಲ್ಲಬೇಕು ಅನ್ನುವುದಕ್ಕೆ ಆಗಲೇ ಮೊಣಕೈ ತಿವಿಯಲು ಶುರುಮಾಡಿದ್ದರು.