ಗಿಂಡಿ ಪಾಳಿ

“ಚಿಕ್ಕತಿಮ್ಮಪ್ಪಾ...”

ಉಚ್ಚಂಗಮ್ಮ ಮೂರನೆಯ ಸಲ ಕೂಗಿ ಕಿವಿಗೊಟ್ಟು ನಿಂತಳು. ಒಳಗಿನಿಂದ ಉತ್ತರ ಬರುವುದಿಲ್ಲವೆಂದು ಅವಳಿಗೂ ಗೊತ್ತು, ಬಾಗಿಲಿಗೆ ಜೋತುಬಿದ್ದ ತುಕ್ಕು ಬೀಗಕ್ಕೂ ಗೊತ್ತು. ಚಿಕ್ಕತಿಮ್ಮಪ್ಪ ಐಮಂಗಲದ ಹೈವೇ ಪಕ್ಕ ಇಡ್ಲಿ ಹೋಟೆಲು ಇಟ್ಟು ಒಂಬತ್ತು ವರ್ಷವಾಗಿತ್ತು. ಆದರೂ ಒಂದು ಉಸಿರು ಹೊತ್ತು ಕಾಯಬೇಕು, ಅದು ಕ್ರಮ. ಕಾದಳು. ಆಮೇಲೆ ಕಂಕುಳಲ್ಲಿದ್ದ ಹಿತ್ತಾಳೆ ಗಿಂಡಿಯನ್ನು ಎಡದಿಂದ ಬಲಕ್ಕೆ ಬದಲಾಯಿಸಿಕೊಂಡು ಮುಂದಿನ ಬೀಗದ ಕಡೆಗೆ ನಡೆದಳು.

ಕರೇಕಲ್ಲಹಟ್ಟಿಯ ದೇವರು ರಂಗಪ್ಪನಿಗೆ ಪೂಜಾರಿ ಅಂತ ಯಾರೂ ಇಲ್ಲ. ಊರಿನ ಒಕ್ಕಲುಗಳೇ ಪಾಳಿಯ ಮೇಲೆ ದೀಪ ನೋಡಿಕೊಳ್ಳಬೇಕು. ಪಾಳಿ ಬಂದ ಮನೆಯವರು ಗಿಂಡಿಗೆ ತಮ್ಮ ಮನೆಯ ಶೇಂಗಾ ಎಣ್ಣೆ ತುಂಬಿ ಸಂಜೆ ದೀಪ ಹಚ್ಚುತ್ತಾರೆ. ಮರುದಿನ ಮಧ್ಯಾಹ್ನದೊಳಗೆ ಬರಿದಾದ ಗಿಂಡಿಯನ್ನು ಮುಂದಿನ ಒಕ್ಕಲಿಗೆ ದಾಟಿಸುತ್ತಾರೆ. ನೆಲಕ್ಕಿಡುವಂತಿಲ್ಲ, ಕೈಯಿಂದ ಕೈಗೇ ಕೊಡಬೇಕು. ಉಚ್ಚಂಗಮ್ಮ ಮದುವೆಯಾಗಿ ಬಂದಾಗ ಊರಲ್ಲಿ ನಲವತ್ತೊಂದು ಒಕ್ಕಲು. ಪಾಳಿ ಬರುವುದನ್ನೇ ಲೆಕ್ಕ ಹಿಡಿದು ಅವಳು ಬಸಿರಿನ ತಿಂಗಳು ಎಣಿಸಿದ್ದಳು. ಏಳನೆಯ ಸಲ ಗಿಂಡಿ ಬಂದ ವಾರದಲ್ಲೇ ಮಗಳು ಹುಟ್ಟಿದ್ದು. ಈಗ ಒಲೆ ಉರಿಯುವ ಮನೆ ಐದು. ಇವತ್ತು ಕೊಟ್ಟ ಗಿಂಡಿ, ತೊಳೆದಿಟ್ಟ ಬಟ್ಟೆ ಒಣಗುವಷ್ಟರಲ್ಲಿ ವಾಪಸು ಬಂದು ಬಾಗಿಲಲ್ಲಿ ನಿಂತಿರುತ್ತದೆ.

ಬೀಗ ಹಾಕಿದ ಮನೆ ಬಂದರೆ ಸುಮ್ಮನೆ ದಾಟಿ ಹೋಗುವ ಹಾಗಿಲ್ಲ. ಪ್ಲೇಗಿನ ಕಾಲದಲ್ಲಿ ಊರಿಗೂರೇ ಹೊಲದ ಗುಡಿಸಲು ಸೇರಿದ್ದಾಗ, ಮನೆ ಖಾಲಿಯೆಂದುಕೊಂಡು ಗಿಂಡಿ ಹಿಡಿದವರು ಒಬ್ಬರ ಬಾಗಿಲು ದಾಟಿ ಹೋದರಂತೆ. ಒಳಗೆ ಆ ಮನೆಯ ಮುದುಕ ಜ್ವರದಲ್ಲಿ ಬಿದ್ದಿದ್ದನಂತೆ. ಹೆಜ್ಜೆ ಸಪ್ಪಳ ಬಂದು, ನಿಂತು, ಹೋಗಿದ್ದು ಅವನಿಗೆ ಕೇಳಿಸಿತ್ತಂತೆ. ಅಂದಿನಿಂದ, ಮುಚ್ಚಿದ ಬಾಗಿಲ ಮುಂದೆ ಮನೆಯ ಯಜಮಾನನ ಹೆಸರು ಹಿಡಿದು ಮೂರು ಸಲ ಕೂಗಬೇಕು. ಓ ಎಂದವರ ಕೈಗೆ ಗಿಂಡಿ. ಅನ್ನದಿದ್ದರೆ ಅದು ಬೀಗದ ಮನೆ, ಮುಂದಕ್ಕೆ ಹೋಗಬೇಕು.

ಈ ಕೂಗಾಟ ಈಗ ಯಾರಿಗೂ ಬೇಕಾಗಿರಲಿಲ್ಲ. ಕಾರ್ಖಾನೆ ಕೆಲಸದ ನಿರಂಜನ್ ಬೈಕಿನಿಂದ ಇಳಿಯದೆ, ಬೀದಿಯ ತುದಿಯಲ್ಲೇ ಎಲ್ಲ ಹೆಸರನ್ನೂ ಒಂದೇ ಉಸಿರಿಗೆ ಮಗ್ಗಿಯಂತೆ ಒಪ್ಪಿಸಿ ಹಾರನ್ ಹೊಡೆಯುತ್ತಿದ್ದ. ರೇಣುಕಮ್ಮ ಮನಸ್ಸಿನಲ್ಲೇ ಕೂಗಿಕೊಳ್ಳುತ್ತೇನೆ ಎನ್ನುತ್ತಿದ್ದಳು. ಮನಸ್ಸಿನಲ್ಲಿ ಉಂಡರೆ ಹೊಟ್ಟೆ ತುಂಬುತ್ತದೇನೇ ಎಂದು ಉಚ್ಚಂಗಮ್ಮ ಒಮ್ಮೆ ಕೇಳಿದ್ದಕ್ಕೆ ಅವಳು ಎರಡು ಪಾಳಿ ಮಾತು ಬಿಟ್ಟಿದ್ದಳು. ಗಂಡ ಓಬಣ್ಣ ಕುರಿ ಹೊಡೆದುಕೊಂಡು ನಾಲೆ ಸೀಮೆಗೆ ಹೋಗಿದ್ದರಿಂದ ಈ ಬೇಸಿಗೆಯ ಪಾಳಿಯೆಲ್ಲ ಉಚ್ಚಂಗಮ್ಮನದೇ. ಅವಳ ಮನೆಗೂ ಮುಂದಿನ ಒಕ್ಕಲಾದ ಪಾರ್ವತಮ್ಮನ ಮನೆಗೂ ನಡುವೆ ಹನ್ನೊಂದು ಬೀಗ. ಹನ್ನೊಂದು ಮೂರಲ ಮೂವತ್ತಮೂರು ಕೂಗು. ಒಂದನ್ನೂ ಅವಳು ಬಿಟ್ಟವಳಲ್ಲ.

ಇವತ್ತು ಮಾತ್ರ ಕೂಗುವಾಗಲೂ ಉಳಿಯುವ ಒಲೆಗಳನ್ನೇ ಎಣಿಸುತ್ತಿದ್ದಳು. ನಾಳೆ ಸೋಮವಾರ ಪಾರ್ವತಮ್ಮ ಮೊಮ್ಮಕ್ಕಳ ಸ್ಕೂಲಿಗೆಂದು ಚಿತ್ರದುರ್ಗಕ್ಕೆ ಹೊರಡುವವಳು. ಅವಳು ಹೋದರೆ ಉಳಿಯುವುದು ನಾಲ್ಕು. ಐದು ಒಲೆ ಉರಿದರೆ ಊರು, ನಾಲ್ಕಾದರೆ ದೇವರು ತಾಯೂರಿಗೆ, ಇದು ಹಿರಿಯರ ಮಾತು. ರಂಗಪ್ಪನ ಮೂಲ ಮತ್ತೋಡಿನಾಚೆಯ ಒಂದು ದೊಡ್ಡ ಊರು. ಗುರುವಾರ ಅಮಾವಾಸ್ಯೆ. ಅಂದು ದೇವರನ್ನಿಟ್ಟ ಪೆಟ್ಟಿಗೆಯನ್ನೂ ಗಿಂಡಿಯನ್ನೂ ಅಲ್ಲಿಗೆ ಒಪ್ಪಿಸಿ ಬರುವುದೆಂದು ದಾಸಣ್ಣ ತೀರ್ಮಾನ ಮಾಡಿದ್ದ. ದಾಸಣ್ಣ ಊರಿನ ಯಜಮಾನ. ಹಿಂದೆ ರಂಗಪ್ಪನನ್ನು ತಲೆಯ ಮೇಲೆ ಹೊತ್ತು ತಂದದ್ದೂ ಅವನ ಮನೆತನವೇ. ಅವನದು ಕೆಟ್ಟ ಉದ್ದೇಶವೇನಲ್ಲ. ಅಲ್ಲಾದರೆ ಪೂಜಾರಿ ಇದ್ದಾನೆ, ದೇವರು ಕತ್ತಲಲ್ಲಿ ಕೂರುವುದು ತಪ್ಪುತ್ತದೆ ಎಂದಿದ್ದ. ಆದರೆ ಉಚ್ಚಂಗಮ್ಮನಿಗೆ ಒಳಗೊಳಗೇ ಹೆದರಿಕೆಯಾಗಿತ್ತು. ರಂಗಪ್ಪ ಹೋದ ಮೇಲೆ ಇದು ಊರಲ್ಲ, ನಾಲ್ಕು ಜನ ಮಲಗೇಳುವ ಜಾಗ. ಆ ಮೇಲೆ ಯಾರು ಯಾಕೆ ಇನ್ನೊಬ್ಬರ ಬಾಗಿಲಿಗೆ ಬರಬೇಕು?

ಐದನೆಯ ಬೀಗ ಚಿತ್ತಯ್ಯನದು. ಚಿತ್ತಯ್ಯ ತೀರಿಕೊಂಡು, ಮಕ್ಕಳು ಹೊಳಲ್ಕೆರೆ ಸೇರಿ, ಅವರ ಹೊಲ ಈಗ ಹೊಸದುರ್ಗದ ವ್ಯಾಪಾರಿಯೊಬ್ಬನ ದಾಳಿಂಬೆ ತೋಟವಾಗಿತ್ತು. ಅದನ್ನು ಕಾಯಲು ಕಲ್ಯಾಣದುರ್ಗದ ಕಡೆಯ ಗಂಡಹೆಂಡತಿ ಬಂದು ಆರು ತಿಂಗಳಾಗಿತ್ತು. ಅವರಿಗೆ ಕೊಟ್ಟದ್ದು ಮನೆಯ ಹಿಂಭಾಗ ಮಾತ್ರ. ಹಿತ್ತಲ ಬಾಗಿಲಲ್ಲೇ ಅವರ ಓಡಾಟ. ಮುಂಬಾಗಿಲ ಬೀಗ ಹಾಗೇ ಇತ್ತು. ಬೀಗ ಇದ್ದಮೇಲೆ ಅದು ಬೀಗದ ಮನೆ ಎಂದೇ ಎಲ್ಲರ ಲೆಕ್ಕ. ಯಾವ ಜನವೋ ಏನೋ ಎಂದು ಉಚ್ಚಂಗಮ್ಮನೂ ಅವರ ಹತ್ತಿರ ಸುಳಿದವಳಲ್ಲ. ಒಂದು ದಿನ ಆ ಹೆಂಗಸು ಬೇಲಿಯ ಮೇಲಿಂದ ಎರಡು ದಾಳಿಂಬೆ ಚಾಚಿದಾಗ, ಹಲ್ಲು ನೋವು ಎಂದು ಸುಳ್ಳು ಹೇಳಿ ಬಂದಿದ್ದಳು.

“ಚಿತ್ತಯ್ಯಾ... ಚಿತ್ತಯ್ಯಾ...” ಎಂದು, ಮೂರನೆಯದಕ್ಕೆ ಉಸಿರು ಎಳೆದುಕೊಂಡು ಕೂಗಿದಳು. “ಚಿತ್ತಯ್ಯಾ...”

“ಓ,” ಎಂದಿತು ಬೀಗದ ಹಿಂದಿನ ಮನೆ.

ಉಚ್ಚಂಗಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಇಷ್ಟು ವರ್ಷ ಕೂಗಿದ್ದಕ್ಕೆ ಒಂದು ಬಾಗಿಲೂ ಓಗೊಟ್ಟಿರಲಿಲ್ಲ. ಪಕ್ಕದ ಸಂದಿಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಆ ಹೆಂಗಸು ಬಂದಳು. ಇಪ್ಪತ್ತೈದರ ಆಚೀಚೆ. ಹೆಸರು ಯಶೋದಾ ಎಂದಳು. ತೆಲುಗಿನ ರಾಗದಲ್ಲಿ ಕನ್ನಡ ಆಡಿದಳು. “ತಪ್ಪಾಯ್ತೇನವ್ವ? ಆರು ತಿಂಗ್ಳಿಂದ ಕೇಳ್ತಾನೇ ಇದೀನಿ. ಬರ್ತೀರಿ, ಕೂಗ್ತೀರಿ, ಕಾದು ಹೋಗ್ತೀರಿ. ಮನೆ ಒಳಗೆ ನಾನು ಇದ್ಕಂಡು ಸುಮ್ಕಿರೋದು ಹೆಂಗೆ? ಇವತ್ತು ಮನಸ್ಸು ತಡೀಲಿಲ್ಲ, ಅಂದ್ಬಿಟ್ಟೆ.”

ಉಚ್ಚಂಗಮ್ಮ ಗಿಂಡಿಯನ್ನು ಎದೆಗವಚಿಕೊಂಡು ನಿಂತಳು. ತಪ್ಪಾಯ್ತು ಕಣವ್ವ, ಇದು ನಿಮಗಲ್ಲ, ಎಂದು ಮುಂದೆ ಹೋಗಬಹುದಿತ್ತು. ಅವಳು ಹೆದರಿದ್ದು ಜನ ಏನೆಂದಾರು ಎಂದಲ್ಲ. ಇಷ್ಟು ದಿನ ಕೂಗಿದ್ದೆಲ್ಲ ಬರೀ ಬಾಯಿಮಾತಾಗಿತ್ತೇ ಎಂದು ಹೆದರಿದಳು. ಓ ಎಂದವರನ್ನು ಬಿಟ್ಟು ಹೋಗುವುದಾದರೆ ಕೂಗುವುದಾದರೂ ಯಾಕೆ? ಆಮೇಲೆ ಇನ್ನೊಂದು ಯೋಚನೆಯೂ ಮೆಲ್ಲಗೆ ಬಂತು: ಇದೂ ಒಂದು ಒಲೆ. ಇದು ಸೇರಿದರೆ ಐದು.

“ಕೈ ಚಾಚವ್ವ,” ಎಂದಳು.

ಪಾಳಿಯ ಕ್ರಮವನ್ನೆಲ್ಲ ಬಾಗಿಲಲ್ಲೇ ನಿಂತು ಹೇಳಿಕೊಟ್ಟಳು. ಬತ್ತಿ ಎಷ್ಟು, ಗುಡಿಯ ಕೀಲಿ ಎಲ್ಲಿ, ನಾಳೆ ಮುಂದಿನ ಬೀಗಗಳು ಯಾರು ಯಾರವು, ಹೇಗೆ ಕೂಗಬೇಕು. ಗಿಂಡಿ ನೆಲಕ್ಕೆ ಮುಟ್ಟಬಾರದು ಎಂದು ಎರಡು ಸಲ ಹೇಳಿದಳು. ಯಶೋದಾ ಹೆಸರುಗಳನ್ನು ಬೆರಳಿನ ಗೆಣ್ಣು ಹಿಡಿದು ಕಲಿತಳು. ಹಣ್ಣಿನ ಕೊಯ್ಲು ಮುಗಿದ ಮೇಲೆ ಸಾಹುಕಾರ ಎಲ್ಲಿಗೆ ಕಳಿಸುತ್ತಾನೋ ಗೊತ್ತಿಲ್ಲ ಎಂಬುದನ್ನೂ ಮುಚ್ಚಿಡದೆ ಹೇಳಿದಳು. ಇರುವಷ್ಟು ದಿನ ಇರು ಎಂದು ಉಚ್ಚಂಗಮ್ಮ ಹೊರಟಳು. ಬರಿಗೈಯಲ್ಲಿ ನಡೆಯುವಾಗ ಕೈ ಹಗುರಾಗಿ, ಒಂಥರಾ ಬೆತ್ತಲಾದಂತೆ ಅನ್ನಿಸಿತು.

ಸುದ್ದಿಗೆ ಕಾಲು ಬೇಕೆ, ರೇಣುಕಮ್ಮ ಇದ್ದಳಲ್ಲ. ಸಂಜೆಯೊಳಗೆ ದಾಸಣ್ಣ ಬಂದು ಉಚ್ಚಂಗಮ್ಮನ ಜಗಲಿಯಲ್ಲಿ ಕೂತ. ಎಪ್ಪತ್ತು ದಾಟಿದ ಮನುಷ್ಯ. ಹೆಂಡತಿ ಹಿರಿಯೂರಿನ ಮಗಳ ಮನೆಗೆ ಬಾಣಂತನಕ್ಕೆ ಹೋಗಿ ಎರಡು ತಿಂಗಳಾಗಿತ್ತು. ಕೈಯಡುಗೆ ತಿಂದು ಮೊದಲೇ ಮುಖ ಸೊರಗಿತ್ತು. ಕೊಟ್ಟ ನೀರನ್ನು ಮುಟ್ಟಲಿಲ್ಲ.

“ಇವತ್ತಿದ್ದು ನಾಳೆ ಗಂಟು ಕಟ್ಟೋ ಜನ. ಯಾವ ಪೈಕಿ ಅಂತಾನೂ ಗೊತ್ತಿಲ್ಲ. ಅಂಥೋರ ಕೈಗೆ ಕೊಟ್ಟು ಬಂದಿದೀಯಲ್ಲವ್ವ,” ಎಂದ.

“ಗಂಟು ಕಟ್ಟಿದ್ದು ಯಾರು ದಾಸಣ್ಣ? ಮೂವತ್ತಾರು ಮನೆಗೆ ಬೀಗ ಜಡಿದಿದ್ದು ಅವ್ಳಾ?” ಉಚ್ಚಂಗಮ್ಮನ ದನಿ ಏರಲಿಲ್ಲ. “ಕೂಗಿದೆ, ಓ ಅಂದ್ಲು. ಪ್ಲೇಗಿನ ಕಾಲದಾಗೆ ಒಳಗಿಂದ ಓ ಅಂದೋರ ಪೈಕಿ ಕೇಳಿ ಕೊಡ್ತಿದ್ರಾ?”

ದಾಸಣ್ಣ ಎದ್ದು, ನಾಳೆ ಪಾರ್ವತಮ್ಮ ಹೋದ ಮೇಲೆ ಆ ಹುಡುಗಿ ತನ್ನ ಮನೆಗೇ ಗಿಂಡಿ ತರಬೇಕಲ್ಲವೇ, ತಾನು ಬಾಗಿಲು ಹಾಕಿಕೊಂಡು ಒಳಗಿರುತ್ತೇನೆ, ಕೂಗಿ ಕೂಗಿ ಹೋಗಲಿ ಎಂದು ಹೇಳಿದ. ಹೇಳುವಾಗ ಅವನಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು. ಅದು ಉಚ್ಚಂಗಮ್ಮನಿಗೆ ಸಿಟ್ಟಿಗಿಂತ ಹೆಚ್ಚು ದಿಗಿಲು ಹುಟ್ಟಿಸಿತು. ಅವನು ಓ ಎನ್ನದಿದ್ದರೆ ಅವನದೂ ಬೀಗದ ಮನೆ. ಐದು ಮತ್ತೆ ನಾಲ್ಕಾಗುತ್ತದೆ.

ಅಂದು ದೀಪವೇನೋ ಹೊತ್ತಿಗೆ ಸರಿಯಾಗಿ ಹತ್ತಿತು.

ಸೋಮವಾರ ಬೆಳಿಗ್ಗೆ ಟೆಂಪೋ ಬಂದು ಪಾರ್ವತಮ್ಮನ ಮಂಚ, ಬೀರು, ರುಬ್ಬುವ ಕಲ್ಲು ಎಲ್ಲವನ್ನೂ ತುಂಬಿಕೊಂಡಿತು. ಹೊಸ ಬೀಗ ಬಿಸಿಲಿಗೆ ಫಳಫಳ ಹೊಳೆಯಿತು. ಪಾರ್ವತಮ್ಮ ಅತ್ತಳು, ಹಬ್ಬಕ್ಕೆ ಬರುತ್ತೇನೆ ಎಂದಳು, ಮುಂದಿನ ಸೀಟಿನಲ್ಲಿ ಕೂತು ಹೋದಳು. ಧೂಳು ಕೂರುವ ಹೊತ್ತಿಗೆ ಬೀದಿಯ ಆ ಕಡೆಯಿಂದ ಕೂಗು ಶುರುವಾಯಿತು.

ಉಚ್ಚಂಗಮ್ಮ ಬೇವಿನ ಕಟ್ಟೆಯ ಮೇಲೆ ಕೂತಿದ್ದಳು. ದಾಸಣ್ಣನ ಮನೆ ಅಲ್ಲಿಂದ ನೇರ ಕಾಣುತ್ತದೆ. ಹೇಳಿದಂತೆಯೇ ಬಾಗಿಲು ಮುಚ್ಚಿತ್ತು. ಯಶೋದಾ ಒಂದೊಂದು ಬೀಗದ ಮುಂದೂ ನಿಂತು, ತಾನು ಎಂದೂ ನೋಡದ ಮನುಷ್ಯರನ್ನು ತನ್ನ ರಾಗದಲ್ಲಿ ಮೂರು ಮೂರು ಸಲ ಕರೆದಳು. ಒಂದು ಉಸಿರು ಕಾಯುವುದನ್ನೂ ಮರೆಯಲಿಲ್ಲ. ಆದರೆ ಅವಳ ನಡಿಗೆ ಯಾಕೋ ವಿಚಿತ್ರವಾಗಿತ್ತು. ಎರಡೂ ಕೈಯಲ್ಲಿ ಗಿಂಡಿ ಹಿಡಿದು, ಕಣ್ಣು ಅದರ ಮೇಲೇ ನೆಟ್ಟು, ನೆಲದಲ್ಲಿ ಮುಳ್ಳಿದ್ದಂತೆ ಹೆಜ್ಜೆ ಇಡುತ್ತಿದ್ದಳು. ಹತ್ತಿರ ಬಂದ ಮೇಲೆ ಉಚ್ಚಂಗಮ್ಮನಿಗೆ ಅರ್ಥವಾಯಿತು. ಗಿಂಡಿಯ ತುಂಬ ಎಣ್ಣೆ. ಬರಿದು ಮಾಡಿ ಕೊಡಬೇಕು ಎಂದು ಹೇಳುವುದನ್ನು ತಾನೇ ಮರೆತಿದ್ದಳು. ಇನ್ನೊಬ್ಬರ ಮನೆಯ ಪಾತ್ರೆಯನ್ನು ಬರಿದಾಗಿ ಮರಳಿಸಬಾರದು ಎಂದು ಆ ಹುಡುಗಿ ಕಂಠಮಟ್ಟ ತುಂಬಿ ತಂದಿದ್ದಳು.

ಪಾರ್ವತಮ್ಮನ ಹೊಸ ಬೀಗವನ್ನೂ ಬಿಡದೆ ಮೂರು ಸಲ ಕೂಗಿದಳು. ಬಾಗಿಲ ಮುಂದೆ ಟೆಂಪೋದ ಚಕ್ರದ ಗುರುತು ಇನ್ನೂ ಅಳಿಸಿರಲಿಲ್ಲ. ಆಮೇಲೆ ದಾಸಣ್ಣನ ಬಾಗಿಲಿಗೆ ಬಂದಳು.

“ದಾಸಣ್ಣಾ...”

ರೇಣುಕಮ್ಮ ತನ್ನ ಹೊಸ್ತಿಲಿಗೆ ಬಂದು ನಿಂತಳು. ನಿರಂಜನ್ ಬೈಕು ಒರೆಸುವುದನ್ನು ನಿಲ್ಲಿಸಿದ.

“ದಾಸಣ್ಣಾ...”

ಬಾಗಿಲು ಅಲುಗಲಿಲ್ಲ. ಉಚ್ಚಂಗಮ್ಮನಿಗೆ ಎದ್ದು ಹೋಗಿ ಕದ ಬಡಿಯಬೇಕು ಅನ್ನಿಸಿತು. ಆದರೆ ಕೂಗುವ ಹಕ್ಕು ಗಿಂಡಿ ಹಿಡಿದವಳದು. ಮೂರನೆಯದೂ ಮುಗಿದರೆ, ದೇವರನ್ನು ಹೊತ್ತು ತಂದ ಮನೆಯ ಮುಂದೆ ಇನ್ನು ಪಾಳಿ ಪಾಳಿಗೂ ಸತ್ತವರನ್ನು ಕರೆದಂತೆ ಕರೆದು ಮುಂದೆ ಹೋಗಬೇಕು. ಒಳಗಿರುವವನಿಗೂ ಅದು ಗೊತ್ತಿರಲೇಬೇಕು. ಯಶೋದಾ ಕೈ ಸೋತು ಮೊಣಕೈಯನ್ನು ಸೊಂಟಕ್ಕೆ ಆನಿಸಿಕೊಂಡಳು. ಒಂದು ಹನಿ ಎಣ್ಣೆ ಹೊಸ್ತಿಲ ಮೇಲೆ ಬಿತ್ತು.

“ದಾಸಣ್ಣಾ...” ಎಂದಳು ಮೂರನೆಯ ಸಲ, ಕ್ರಮದ ಕೂಗನ್ನು ಬಿಟ್ಟು, ಮನೆಯವರನ್ನು ಊಟಕ್ಕೆ ಕರೆದಂತೆ.

ಒಂದು ಉಸಿರು. ಅದು ಬಲು ಉದ್ದದ ಉಸಿರಾಗಿತ್ತು.

“ಓ,” ಎಂದಿತು ಒಳಗಿನ ದನಿ. ಅಗುಳಿ ಸರಿಯಿತು. ಒಂದೇ ಒಂದು ಕದ ತೆರೆದು ದಾಸಣ್ಣ ನಿಂತ. ಅವಳ ಮುಖ ನೋಡದೆ, ಜಗಲಿಯ ಕಡೆ ಗದ್ದ ತೋರಿಸಿ ಅಲ್ಲಿಡು ಎಂದ.

“ನೆಲಕ್ಕೆ ಇಡಬಾರ್ದಂತೆ,” ಎಂದಳು ಯಶೋದಾ. ಅವಳ ಮಾತಿನಲ್ಲಿ ಎದುರುತ್ತರವಿರಲಿಲ್ಲ. ಕಲಿಸಿದ್ದನ್ನು ಒಪ್ಪಿಸಿದಳು, ಅಷ್ಟೆ. ಗಿಂಡಿ ವಾಲಿ ಇನ್ನೆರಡು ಹನಿ ತುಳುಕಿತು. “ಬೇಗ ಹಿಡ್ಕಳ್ರಿ ತಾತ, ಚೆಲ್ಲೋಗ್ತದೆ.”

ದಾಸಣ್ಣ ಗಿಂಡಿಯನ್ನು ನೋಡಿದ. ಹೊಸ್ತಿಲ ಮೇಲಿನ ಎಣ್ಣೆಯನ್ನು ನೋಡಿದ. ಹೆಗಲ ಟವೆಲನ್ನು ಸರಿಮಾಡಿಕೊಂಡು ಎರಡೂ ಕೈ ಮುಂದೆ ಚಾಚಿದ. ಇಬ್ಬರ ಬೆರಳುಗಳೂ ಎಣ್ಣೆಯಲ್ಲಿ ಒಂದರ ಮೇಲೊಂದು ಜಾರಿದವು. ಗಿಂಡಿ ಜಾರಲಿಲ್ಲ. ಒಳಗೆ ತಿರುಗುವಷ್ಟರಲ್ಲಿ, ಅರ್ಧ ತೆರೆದಿದ್ದ ಕದ ತಾನಾಗಿ ಮುಚ್ಚಿಕೊಳ್ಳತೊಡಗಿತು. ಅವನ ಎರಡು ಕೈಯೂ ತುಂಬಿದ್ದವು. ಹಾಗೇ ನಿಂತುಬಿಟ್ಟ.

ಯಶೋದಾ ಎಣ್ಣೆಯ ಕೈಯನ್ನು ತಲೆಗೂದಲಿಗೆ ಸವರಿಕೊಂಡು, ಒಂದು ಮೆಟ್ಟಿಲು ಹತ್ತಿ, ಕದವನ್ನು ಗೋಡೆಗೆ ತಾಗುವವರೆಗೂ ತಳ್ಳಿ ಹಿಡಿದಳು.